64 ಎಂಬಿಯೊಳಗೊಂದು ಮನೆ

ಜಿಫೋರ್ಸ್2 ಎಂಎಕ್ಸ್ 400 ಅಂಗೈಗಿಂತ ತುಸು ಉದ್ದದ ಕಾರ್ಡು. ನಡುವೆ ಅಲ್ಯೂಮಿನಿಯಂ ಹೀಟ್‌ಸಿಂಕ್, ಕೆಲವು ಕಾರ್ಡುಗಳಲ್ಲಿ ಅದರ ಮೇಲೊಂದು ಪುಟ್ಟ ಫ್ಯಾನು, ಹಿಂದುಗಡೆ ಮಾನಿಟರಿನ ವೈರು ಸಿಕ್ಕಿಸಲು ವಿಜಿಎ ಕಿಂಡಿ. ಕರೆಂಟಿಗೆಂದು ಬೇರೆ ವೈರು ಬೇಕಿರಲಿಲ್ಲ; ಮದರ್‌ಬೋರ್ಡಿನ ಎಜಿಪಿ ಸ್ಲಾಟು ಕೊಟ್ಟಷ್ಟರಲ್ಲೇ ಅದರ ಸಂಸಾರ ನಡೆಯುತ್ತಿತ್ತು. 2001ರ ಮಾರ್ಚಿನಲ್ಲಿ ಎನ್‌ವಿಡಿಯಾ ಹೊರತಂದ ಈ ಕಾರ್ಡು ಅಗ್ಗದ ಸಾಲಿನದು. ಅದೇ ಕಾಲದ ಜಿಫೋರ್ಸ್3 ದುಡ್ಡಿದ್ದವರ ಪಾಲು. ಎಂಎಕ್ಸ್ ಮಾತ್ರ ಸೈಬರ್ ಕೆಫೆಗೂ ಹೋಯಿತು, ಮನೆಗೂ ಹೋಯಿತು, ಕಚೇರಿಗೂ ಹೋಯಿತು.

ಬಸವನಗುಡಿಯ ಸಣ್ಣ ಆರ್ಕಿಟೆಕ್ಟ್ ಕಚೇರಿಯೊಂದಕ್ಕೆ 2002ರಲ್ಲಿ ಇಂಥದೊಂದು ಕಾರ್ಡು ಬಂತು. ಅದರ ಮುಂದೆ ಕುಳಿತವಳು ಸಿವಿಲ್ ಡಿಪ್ಲೊಮಾ ಮುಗಿಸಿ ತಿಪಟೂರಿನಿಂದ ಬಂದಿದ್ದ ಹುಡುಗಿ. ಆಟೊಕ್ಯಾಡ್‌ನಲ್ಲಿ ಪ್ಲ್ಯಾನು, ಸೆಕ್ಷನ್ನು, ಎಲಿವೇಷನ್ನು ಎಳೆಯಲು ಸೇರಿದವಳು. ಆದರೆ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಾಲವದು. ಗೆರೆಗಳ ನಕ್ಷೆ ನೋಡಿ ಮನೆ ಕೊಳ್ಳುವವರಿಗೆ ಏನೂ ಅರ್ಥವಾಗುವುದಿಲ್ಲ, ಕಟ್ಟಿದ ಮೇಲೆ ಹೇಗೆ ಕಾಣುತ್ತದೆಂದು ಬಣ್ಣದಲ್ಲಿ ತೋರಿಸಿ ಎಂದು ಬಿಲ್ಡರುಗಳು ಕೇಳತೊಡಗಿದ್ದರು. ಹಾಗಾಗಿ ಕಚೇರಿಯವರು ಆಕೆಗೆ 3ಡಿಎಸ್ ಮ್ಯಾಕ್ಸ್ ಕಲಿಯಲು ಹೇಳಿದರು. ಮದರ್‌ಬೋರ್ಡಿನಲ್ಲೇ ಅಂಟಿಕೊಂಡಿದ್ದ ಗ್ರಾಫಿಕ್ಸ್‌ನಲ್ಲಿ ಆ ಸಾಫ್ಟ್‌ವೇರು ತೆವಳುತ್ತಿತ್ತು. ಕಾರ್ಡು ಬೇಕೆಂದು ಹಟ ಹಿಡಿದವಳೂ ಅವಳೇ, ಅದನ್ನು ತರಲು ಸಹೋದ್ಯೋಗಿಯೊಬ್ಬನ ಜೊತೆ ಎಸ್.ಪಿ. ರೋಡಿಗೆ ಹೋದವಳೂ ಅವಳೇ.

ಟೌನ್‌ಹಾಲಿನಿಂದ ನಡೆದು ಹೋಗಬಹುದಾದ ಆ ರಸ್ತೆಯ ಅಧಿಕೃತ ಹೆಸರು ಸಾದರ ಪತ್ರಪ್ಪ ರಸ್ತೆ. ಪೂರ್ತಿ ಹೆಸರನ್ನು ಯಾರೂ ಹೇಳುವುದಿಲ್ಲ. ಒಬ್ಬರು ನಿಂತರೆ ಇನ್ನೊಬ್ಬರು ಒಳಗೆ ಹೋಗಲಾಗದ ಅಂಗಡಿಗಳು, ಗಾಜಿನ ಕೌಂಟರಿನಡಿ ಬೆಳ್ಳಿ ಬಣ್ಣದ ಆ್ಯಂಟಿ ಸ್ಟ್ಯಾಟಿಕ್ ಚೀಲಗಳು, "ಬಿಲ್ ಬೇಕಾ, ಬಿಲ್ ಇಲ್ದೇನಾ?" ಎಂಬ ಪ್ರಶ್ನೆ. ಕೊಳ್ಳುವವರು ಕೇಳುತ್ತಿದ್ದುದು ಒಂದೇ, ಎಷ್ಟು ಎಂಬಿ? ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಇರುತ್ತಿದ್ದುದೂ ಅದೇ. ಆ ಮೆಮೊರಿಯಿಂದ ಚಿಪ್ಪಿಗೆ ಹೋಗುವ ದಾರಿ ಎಷ್ಟು ಅಗಲ ಎಂದು ಕೇಳುವವರು ಕಡಿಮೆ. ಎಂಎಕ್ಸ್ 400ರಲ್ಲಿ ಅದು 128 ಬಿಟ್ ಇದ್ದರೆ ಅದರ ತಮ್ಮ ಎಂಎಕ್ಸ್ 200ರಲ್ಲಿ 64 ಬಿಟ್. ಎರಡರ ಮೇಲೂ ಒಂದೇ ಎಂಬಿ ಬರೆದಿದ್ದರೂ ಓಟದಲ್ಲಿ ಅಣ್ಣನೇ ಮುಂದೆ. ಇದನ್ನು ತಿಳಿದಿದ್ದ ಸಹೋದ್ಯೋಗಿ ಜೊತೆಗಿದ್ದುದರಿಂದ ಅವರು 400ನ್ನೇ ತಂದರು. 64 ಎಂಬಿಯದು.

ಆ 64 ಎಂಬಿಯ ಲೆಕ್ಕವನ್ನು ಆಕೆ ಇವತ್ತಿಗೂ ಬೆರಳ ತುದಿಯಲ್ಲಿ ಹೇಳಬಲ್ಲಳು. 1024 ಅಡ್ಡ, 768 ಉದ್ದದ ಪರದೆ. ಪ್ರತಿ ಚುಕ್ಕೆಗೆ 32 ಬಿಟ್ ಬಣ್ಣವೆಂದರೆ ಒಂದು ಚಿತ್ರಕ್ಕೆ 3 ಎಂಬಿ. ಕಣ್ಣಿಗೆ ಕಾಣುತ್ತಿರುವ ಚಿತ್ರ ಒಂದು, ಅದರ ಹಿಂದೆ ತಯಾರಾಗುತ್ತಿರುವ ಚಿತ್ರ ಇನ್ನೊಂದು, ಯಾವ ವಸ್ತು ಮುಂದೆ ಯಾವುದು ಹಿಂದೆ ಎಂದು ಆಳದ ಲೆಕ್ಕವಿಡುವ ಮತ್ತೊಂದು. ಅಲ್ಲಿಗೆ 9 ಎಂಬಿ ಹೋಯಿತು. ಉಳಿದದ್ದರಲ್ಲಿ ಗೋಡೆ, ಕಿಟಕಿ, ನೆಲ, ಹುಲ್ಲು, ಆಕಾಶ ಎಲ್ಲ ಕೂರಬೇಕು. 512ಕ್ಕೆ 512ರ ಒಂದು ಟೆಕ್ಸ್ಚರ್ ಚಿತ್ರ ಒಂದು ಎಂಬಿ ತಿನ್ನುತ್ತದೆ. ಆದ್ದರಿಂದ ಗ್ರಾನೈಟ್ ನೆಲಕ್ಕೆ ದೊಡ್ಡ ಫೋಟೊ ಹಾಕುವ ಮಾತೇ ಇಲ್ಲ; ಚಿಕ್ಕದೊಂದನ್ನು ಹಾಕಿ, ಜೋಡಣೆಯ ಗೆರೆ ಕಾಣದ ಹಾಗೆ ಅಂಚುಗಳನ್ನು ತೀಡಿ, ಅದನ್ನೇ ನೂರು ಸಲ ಹಾಸುವುದು. ಮಂಗಳೂರು ಹೆಂಚಿನ ಮಾಡಿದ್ದರೆ ಹೆಂಚನ್ನು ಒಂದೊಂದಾಗಿ ಕಟ್ಟುವಂತಿಲ್ಲ. ಚಪ್ಪಟೆ ಹಲಗೆಯೊಂದನ್ನು ಓರೆಯಾಗಿ ನಿಲ್ಲಿಸಿ, ಹೆಂಚಿನ ಚಿತ್ರ ಅಂಟಿಸಿ, ಉಬ್ಬು ತಗ್ಗಿನ ಭ್ರಮೆಯನ್ನು ಬಂಪ್ ಮ್ಯಾಪಿಗೆ ಬಿಡುವುದು.

ಮರಗಳದ್ದು ಬೇರೆಯೇ ಕಥೆ. ಎರಡು ಹಲಗೆಗಳನ್ನು ಒಂದನ್ನೊಂದು ಕತ್ತರಿಸುವಂತೆ ನಿಲ್ಲಿಸಿ, ಎರಡರ ಮೇಲೂ ಮರದ ಫೋಟೊ ಅಂಟಿಸಿ, ಸುತ್ತಲ ಜಾಗವನ್ನು ಪಾರದರ್ಶಕ ಮಾಡಿದರೆ ದೂರದಿಂದ ಅದು ಮರ. ಸಿ.ಡಿ.ಗಳಲ್ಲಿ ಸಿಗುತ್ತಿದ್ದ ಮರಗಳೆಲ್ಲ ಯುರೋಪು, ಅಮೆರಿಕದವು. ಜಯನಗರದ ಮನೆಯ ಮುಂದೆ ಮೇಪಲ್ ಮರ, ಬನಶಂಕರಿಯ ಅಪಾರ್ಟ್‌ಮೆಂಟಿನ ಪಕ್ಕ ಪೈನ್. ಬಿಲ್ಡರುಗಳು ಅದನ್ನು ಗಮನಿಸುತ್ತಿರಲಿಲ್ಲ, ಆದರೆ ಆಕೆಗೆ ತಡೆದುಕೊಳ್ಳಲಾಗಲಿಲ್ಲ. ಭಾನುವಾರ ಲಾಲ್‌ಬಾಗಿಗೂ ಸುತ್ತಲ ಬೀದಿಗಳಿಗೂ ಹೋಗಿ ಹೊಂಗೆ, ಗುಲ್‌ಮೊಹರ್, ತೆಂಗಿನ ಫೋಟೊ ತೆಗೆದು, ಒಂದೊಂದು ಎಲೆಯ ಸಂದಿನ ಆಕಾಶವನ್ನೂ ಫೋಟೊಶಾಪಿನಲ್ಲಿ ಕತ್ತರಿಸಿ, ತನ್ನದೇ ಒಂದು ತೋಪು ಮಾಡಿಕೊಂಡಳು. ಆ ತೋಪಿನ ಪ್ರತಿ ಮರವೂ ಒಂದು ಎಂಬಿಯೊಳಗೆ ಮುಗಿಯುತ್ತಿತ್ತು.

ಕೆಲಸ ಮಾಡುವಾಗ ಕಾರ್ಡಿನ ಮಿತಿ ಕಣ್ಣಿಗೇ ಕಾಣುತ್ತಿತ್ತು. ಮನೆಯ ಮಾದರಿಯನ್ನು ಮೌಸ್ ಹಿಡಿದು ತಿರುಗಿಸಲು ಹೊರಟರೆ ಗೋಡೆ ಬಾಗಿಲುಗಳೆಲ್ಲ ಮಾಯವಾಗಿ ಬರೀ ಪೆಟ್ಟಿಗೆಗಳು ಉಳಿಯುತ್ತಿದ್ದವು. ಸೋಫಾ ಒಂದು ಪೆಟ್ಟಿಗೆ, ಮೆಟ್ಟಿಲು ಒಂದು ಪೆಟ್ಟಿಗೆ, ಹೊಂಗೆ ಮರ ಒಂದು ಪೆಟ್ಟಿಗೆ. ಕೈ ಬಿಟ್ಟರೆ ಒಂದು ಕ್ಷಣ ತಡೆದು ಮನೆ ಮತ್ತೆ ಮೂಡುತ್ತಿತ್ತು. ಕಾರ್ಡಿನ ಮೇಲೆ ಭಾರ ಬಿದ್ದಾಗ ಚಿತ್ರವನ್ನು ಸರಳ ಮಾಡಿ ಓಟ ಉಳಿಸಿಕೊಳ್ಳುವ ಮ್ಯಾಕ್ಸ್‌ನ ವ್ಯವಸ್ಥೆ ಅದು. ಕೀಬೋರ್ಡಿನ ಓ ಗುಂಡಿ ಒತ್ತಿದರೆ ನಿಲ್ಲುತ್ತಿತ್ತು. ನಿಲ್ಲಿಸಿದರೆ ಪರದೆ ಫೋಟೊ ಆಲ್ಬಮ್ಮಿನ ಹಾಗೆ ಒಂದೊಂದೇ ಚಿತ್ರ ತೋರಿಸುತ್ತಿತ್ತು. ಆಕೆ ಪೆಟ್ಟಿಗೆಗಳಿಗೇ ಹೊಂದಿಕೊಂಡಳು. ಯಾವ ಪೆಟ್ಟಿಗೆಯೊಳಗೆ ಏನಿದೆ ಎಂಬುದು ಮನಸ್ಸಿನಲ್ಲಿ ಇರುತ್ತಿತ್ತು. ಇಡೀ ಕಟ್ಟಡವನ್ನು ತಲೆಯಲ್ಲಿ ಹೊತ್ತು ತಿರುಗುವ ಅಭ್ಯಾಸ ಆಕೆಗೆ ಬಂದದ್ದು ಹೀಗೆ, ಮತ್ತು ವೃತ್ತಿಯಲ್ಲಿ ಆಕೆ ಗಳಿಸಿದ್ದರಲ್ಲೆಲ್ಲ ಅದು ದೊಡ್ಡದು.

ಫ್ಯಾನಿನ ವಿಷಯ ಹೇಳದಿದ್ದರೆ ಆ ಕಾರ್ಡಿಗೆ ಅನ್ಯಾಯ. ಕಚೇರಿ ರಸ್ತೆಯ ಬದಿಗೇ ಇತ್ತು, ಧೂಳು ಯಥೇಚ್ಛ. ವರ್ಷ ತುಂಬುವಷ್ಟರಲ್ಲಿ ಫ್ಯಾನು ಜೀರುಂಡೆಯಂತೆ ಕಿರಿಗುಟ್ಟಲು ಶುರು ಮಾಡಿತು, ಆಮೇಲೆ ಬೆಳಗಿನ ಹೊತ್ತು ತಿರುಗಲು ತಡವರಿಸತೊಡಗಿತು. ಫ್ಯಾನಿನ ನಡುವಿನ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಬಿಟ್ಟು, ಸ್ಟಿಕ್ಕರನ್ನು ಮತ್ತೆ ಒತ್ತುವುದು ಅದಕ್ಕೆ ಮದ್ದು. ಪರದೆಯ ಮೇಲೆ ಬಣ್ಣಬಣ್ಣದ ಚುಕ್ಕಿ ಬಂದರೆ ಕಾರ್ಡನ್ನು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿಯನ್ನು ಊದಿ, ಟಕ್ ಎಂದು ಸದ್ದಾಗುವವರೆಗೆ ಒತ್ತಿ ಕೂರಿಸುವುದು. ಬಹುಪಾಲು ಸಲ ಅಷ್ಟಕ್ಕೇ ಸರಿಹೋಗುತ್ತಿತ್ತು. ಕಂಪ್ಯೂಟರ್ ರಿಪೇರಿಯವರೂ ಅದನ್ನೇ ಮಾಡುತ್ತಿದ್ದರು.

ಇಷ್ಟೆಲ್ಲ ಮಾಡಿದ ಮೇಲೂ ಬಿಲ್ಡರಿಗೆ ಕೊಡುವ ಚಿತ್ರವನ್ನು ತಯಾರಿಸುತ್ತಿದ್ದುದು ಈ ಕಾರ್ಡಲ್ಲ. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಅಂಕಿ ಹೋಲಿಸುವವರು ಈ ಮುಖ್ಯ ಮಾತನ್ನೇ ಬಿಟ್ಟುಬಿಡುತ್ತಾರೆ. ಎಂಎಕ್ಸ್ 400 ಒಳಗಿದ್ದುದು ಆಗಲೇ ಎರಕ ಹೊಯ್ದು ಮುಗಿಸಿದ ದಾರಿ. ತ್ರಿಕೋನಗಳನ್ನು ತೆಗೆದುಕೋ, ಸ್ಥಾನ ಬದಲಿಸು, ಬೆಳಕಿನ ಒಂದು ಸರಳ ಲೆಕ್ಕ ಹಾಕು, ಚಿತ್ರ ಅಂಟಿಸು, ಪರದೆಗೆ ಬಿಡು. ಇದರಾಚೆಗೆ ಏನು ಮಾಡೆಂದರೂ ಮಾಡಲಾಗದು. ಸಂಜೆ ಬಿಸಿಲು ಕಿಟಕಿಯಿಂದ ಬಿದ್ದು, ಕೆಂಪು ನೆಲಕ್ಕೆ ತಾಗಿ, ಬಿಳಿ ಗೋಡೆಗೆ ತುಸು ಕೆಂಪು ಹಚ್ಚುತ್ತದಲ್ಲ, ಆ ಲೆಕ್ಕವನ್ನೆಲ್ಲ ಮಾಡುತ್ತಿದ್ದುದು ಪೆಂಟಿಯಮ್ ಪ್ರೊಸೆಸರು. ಕಾರ್ಡು ಕೆಲಸದ ಹೊತ್ತಿನಲ್ಲಿ ಮುನ್ನೋಟ ತೋರಿಸುತ್ತಿತ್ತು. ರೆಂಡರಿಗೆ ಬಿಟ್ಟ ಮೇಲೆ ಅದಕ್ಕೆ ರಜೆ.

ರೆಂಡರ್ ಎಂದರೆ ರಾತ್ರಿ. ಸಂಜೆ ಎಲ್ಲ ಹೊಂದಿಸಿ, ಮಾನಿಟರ್ ಆರಿಸಿ, ಮಷೀನಿನ ಮೇಲೆ 'ಮುಟ್ಟಬೇಡಿ' ಎಂದು ಚೀಟಿ ಅಂಟಿಸಿ ಮನೆಗೆ ಹೋಗುವುದು. ಬಲ್ಗೇರಿಯದ ಸೋಫಿಯಾ ನಗರದ ಕಂಪನಿಯೊಂದು 2002ರಲ್ಲಿ ತಂದ ವಿ ರೇ ಎಂಬ ರೆಂಡರರ್ ಆಮೇಲೆ ಇಂಥ ಕಚೇರಿಗಳಿಗೆಲ್ಲ ಬಂತು. ಅದರಲ್ಲಿ ಚಿತ್ರ ಚೌಕ ಚೌಕವಾಗಿ ಮೂಡುವುದನ್ನು ನೋಡುತ್ತ ಕೂರಬಹುದಿತ್ತು. ಬೆಳಗ್ಗೆ ಬಂದು ನೋಡಿದರೆ ಚಿತ್ರ ಮುಗಿದಿರಬೇಕು, ಇಲ್ಲವೇ ಕರೆಂಟು ಹೋಗಿ ಯುಪಿಎಸ್ ಕೂಗಿ ಕೂಗಿ ಸುಮ್ಮನಾಗಿರಬೇಕು.

ವಾಕ್‌ಥ್ರೂ ಬಂದಾಗಲಂತೂ ಎದೆ ನಡುಗುತ್ತಿತ್ತು. ಗೇಟಿನಿಂದ ಲಾಬಿಗೆ, ಲಾಬಿಯಿಂದ ಬಾಲ್ಕನಿಗೆ ಕ್ಯಾಮರಾ ನಡೆದುಕೊಂಡು ಹೋಗುವ ಒಂದು ನಿಮಿಷದ ಚಿತ್ರ. ಸೆಕೆಂಡಿಗೆ 25 ಚಿತ್ರ, ನಿಮಿಷಕ್ಕೆ 1,500. ಒಂದೊಂದಕ್ಕೆ ಐದೈದು ನಿಮಿಷ ಹಿಡಿದರೂ 125 ಗಂಟೆ, ಐದು ದಿನಕ್ಕೂ ಮಿಕ್ಕಿ. ಕಚೇರಿಯ ಮಷೀನುಗಳನ್ನೆಲ್ಲ ಕೇಬಲ್ಲಿನಲ್ಲಿ ಜೋಡಿಸಿ ಕೆಲಸ ಹಂಚುತ್ತಿದ್ದರು. ಇಡೀ ನಿಮಿಷವನ್ನು ಒಂದೇ ವಿಡಿಯೊ ಫೈಲಾಗಿ ರೆಂಡರ್ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ, ಕರೆಂಟು ಹೋದರೆ ಎಲ್ಲವೂ ಹೋಗುತ್ತದೆ. 0001, 0002 ಎಂದು ಬಿಡಿ ಚಿತ್ರಗಳಾಗಿ ಉಳಿಸಿಕೊಂಡರೆ ಹೋಗುವುದು ಅರ್ಧಕ್ಕೆ ನಿಂತ ಒಂದು ಚಿತ್ರ ಮಾತ್ರ. ಈ ಪದ್ಧತಿ ಈಗಲೂ ಹಾಗೇ ಇದೆ, ಜಗತ್ತಿನ ದೊಡ್ಡ ಸ್ಟುಡಿಯೊಗಳಲ್ಲೂ.

ಆ ದಿನಗಳಲ್ಲಿ ವೃತ್ತಿಪರ ಕಾರ್ಡು ಎಂಬುದು ಕೇಳಿದ ಹೆಸರಷ್ಟೆ. ಅದಕ್ಕೂ ಹಿಂದೆ ಇಂಥ ಕೆಲಸಕ್ಕೆ ಕ್ಯಾಲಿಫೋರ್ನಿಯಾದ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ವರ್ಕ್‌ಸ್ಟೇಷನ್ನುಗಳೇ ಬೇಕಿತ್ತು. 1993ರ ಜುರಾಸಿಕ್ ಪಾರ್ಕ್ ಚಿತ್ರದ ಡೈನೊಸಾರುಗಳು ಹುಟ್ಟಿದ್ದು ಅವುಗಳಲ್ಲಿ. ಅಗ್ಗದ ಪಿಸಿ ಕಾರ್ಡುಗಳು ಆ ಸಾಮ್ರಾಜ್ಯವನ್ನು ತಿಂದುಹಾಕಿದವು. ಮೌಂಟನ್ ವ್ಯೂ ಊರಿನಲ್ಲಿದ್ದ ಕಂಪನಿಯ ಆವರಣ ಕೊನೆಗೆ ಗೂಗಲ್ಲಿನ ಪಾಲಾಯಿತು. ಸಿಲಿಕಾನ್ ಗ್ರಾಫಿಕ್ಸ್ 2006ರಲ್ಲಿ ಒಮ್ಮೆ, 2009ರಲ್ಲಿ ಇನ್ನೊಮ್ಮೆ ದಿವಾಳಿ ಅರ್ಜಿ ಹಾಕಿತು. ಅದು ಬಿಟ್ಟ ಜಾಗಕ್ಕೆ ಬಂದದ್ದು ಎನ್‌ವಿಡಿಯಾದ ಕ್ವಾಡ್ರೊ ಸಾಲು ಮತ್ತು ಎಟಿಐನ ಫೈರ್ ಜಿಎಲ್ ಸಾಲು.

ಕ್ವಾಡ್ರೊ ವಿಷಯದಲ್ಲಿ ಆಗಿನ ಕಂಪ್ಯೂಟರ್ ಹುಚ್ಚರಿಗೆಲ್ಲ ಗೊತ್ತಿದ್ದ ಒಂದು ಗುಟ್ಟಿತ್ತು. ಆಟದ ಜಿಫೋರ್ಸ್‌ಗೂ ವೃತ್ತಿಯ ಕ್ವಾಡ್ರೊಗೂ ಮೂಲ ಚಿಪ್ಪು ಒಂದೇ. ಎಂಎಕ್ಸ್ ಚಿಪ್ಪಿಗೂ ಕ್ವಾಡ್ರೊ2 ಎಂಎಕ್ಸ್ಆರ್ ಎಂಬ ವೃತ್ತಿಪರ ಅವತಾರವಿತ್ತು. ತಾನು ಯಾರೆಂದು ಚಿಪ್ಪು ಕಂಪ್ಯೂಟರಿಗೆ ಹೇಳಿಕೊಳ್ಳುವುದು ಸಾಸಿವೆ ಕಾಳಿನಷ್ಟು ಸಣ್ಣ ರೆಸಿಸ್ಟರುಗಳು ಎಲ್ಲಿ ಕೂತಿವೆ ಎಂಬುದರ ಮೇಲೆ. ಸೂಕ್ಷ್ಮ ಸಾಲ್ಡರಿಂಗ್ ಬಲ್ಲವರು ಅವನ್ನು ಆಚೀಚೆ ಮಾಡಿ ಜಿಫೋರ್ಸನ್ನೇ ಕ್ವಾಡ್ರೊ ಎಂದು ನಂಬಿಸುತ್ತಿದ್ದರು. ಆಮೇಲೆ ಸಾಲ್ಡರಿಂಗ್ ಕೂಡ ಬೇಡವಾಗಿ, ಸಾಫ್ಟ್‌ವೇರಿನಿಂದಲೇ ಈ ವೇಷ ಹಾಕಿಸುವ ದಾರಿ ಬಂತು. ವೇಷ ಹಾಕಿದ ಕಾರ್ಡಿನಲ್ಲಿ ವೈರ್‌ಫ್ರೇಮ್ ಗೆರೆಗಳು ಸರಾಗವಾಗಿ ಓಡುತ್ತಿದ್ದವು, ಏಕೆಂದರೆ ಆ ವೇಗವನ್ನು ಡ್ರೈವರು ಬೀಗ ಹಾಕಿ ಇಟ್ಟಿತ್ತು. ಬಸವನಗುಡಿ ಕಚೇರಿಯಲ್ಲಿ ಇದರ ಚರ್ಚೆ ಬಹಳ ನಡೆಯಿತು. ಇದ್ದ ಒಂದೇ ಕಾರ್ಡಿನ ಮೇಲೆ ಸಾಲ್ಡರಿಂಗ್ ಕಡ್ಡಿ ಇಡಲು ಮಾತ್ರ ಯಾರೂ ಮುಂದೆ ಬರಲಿಲ್ಲ.

ನಡುವಿನ ವರ್ಷಗಳು ಬೇಗ ಸರಿದವು. ಎಜಿಪಿ ಹೋಗಿ ಪಿಸಿಐ ಎಕ್ಸ್‌ಪ್ರೆಸ್ ಬಂತು. ಎರಕ ಹೊಯ್ದ ದಾರಿ ಒಡೆದು, ಬರೆದ ಪ್ರೋಗ್ರಾಮಿನಂತೆ ನಡೆಯುವ ಶೇಡರುಗಳು ಬಂದವು. ಸ್ಟ್ಯಾನ್‌ಫರ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡಿನಿಂದ ಬೇರೆ ಲೆಕ್ಕ ಮಾಡಿಸುವ ಬ್ರೂಕ್ ಎಂಬ ಭಾಷೆಯ ಮೇಲೆ ಕೆಲಸ ಮಾಡಿದ್ದ ಇಯಾನ್ ಬಕ್ ಎನ್‌ವಿಡಿಯಾ ಸೇರಿದರು. 2006ರ ನವೆಂಬರಿನಲ್ಲಿ 8800 ಜಿಟಿಎಕ್ಸ್ ಜೊತೆಗೆ ಕಂಪನಿ ಕುಡಾ ಎಂಬ ವ್ಯವಸ್ಥೆಯನ್ನು ಘೋಷಿಸಿತು. ಚಿತ್ರ ಬಿಡಿಸಲೆಂದೇ ಇದ್ದ ಯಂತ್ರ ಆವತ್ತಿನಿಂದ ಯಾವ ಲೆಕ್ಕಕ್ಕೂ ಸೈ ಎಂದಾಯಿತು.

ಮುಂದೆ ಆದದ್ದು ಎಲ್ಲರಿಗೂ ಗೊತ್ತು, ಆದರೆ ಅದರೊಳಗಿನ ಒಂದು ವಿವರ ಆಕೆಗೆ ಬಹಳ ಪ್ರಿಯ. 2012ರಲ್ಲಿ ಟೊರಾಂಟೊದ ಅಲೆಕ್ಸ್ ಕ್ರಿಝೆವ್‌ಸ್ಕಿ, ಇಲ್ಯಾ ಸುಟ್ಸ್‌ಕೇವರ್, ಜೆಫ್ರಿ ಹಿಂಟನ್ ಚಿತ್ರಗಳನ್ನು ಗುರುತಿಸುವ ನರಜಾಲವೊಂದಕ್ಕೆ ತರಬೇತಿ ಕೊಟ್ಟರು. ಇಂದಿನ ಕೃತಕ ಬುದ್ಧಿಮತ್ತೆಯ ಹೊಳೆ ಉಕ್ಕಿದ್ದು ಅಲ್ಲಿಂದ. ಬಳಸಿದ್ದು ಆಟಕ್ಕೆಂದು ಮಾರುತ್ತಿದ್ದ ಎರಡು ಜಿಟಿಎಕ್ಸ್ 580 ಕಾರ್ಡು, ಹಿಡಿದ ಸಮಯ ಐದಾರು ದಿನ. ಎರಡು ಏಕೆ? ಒಂದೊಂದರಲ್ಲಿ ಇದ್ದುದು 3 ಜಿಬಿ ಮೆಮೊರಿ, ಅವರ ಜಾಲ ಅದರೊಳಗೆ ಹಿಡಿಸಲಿಲ್ಲ. ಅರ್ಧರ್ಧ ಹಂಚಿ ಎರಡರಲ್ಲಿ ಕೂರಿಸಿದರು. ಇಂಥ ದೊಡ್ಡ ಕೆಲಸ ಮಾಡಿದವರೂ ಹಿಡಿಸುತ್ತದೋ ಇಲ್ಲವೋ ಎಂದು ತಲೆ ಕೆರೆದುಕೊಂಡಿದ್ದರಲ್ಲ ಎಂದು ಆಕೆ ಹೇಳುವಾಗ ಧ್ವನಿಯಲ್ಲಿ ಸೋದರಭಾವವಿರುತ್ತದೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನಲ್ಲೂ ಲೆಕ್ಕದ ಒಂದು ಪಾಲು ಗ್ರಾಫಿಕ್ಸ್ ವಂಶದ ವಿ100 ಕಾರ್ಡುಗಳದ್ದೇ.

ತಿಪಟೂರಿನ ಹುಡುಗಿ ಈಗ ಸ್ವಂತ ಸ್ಟುಡಿಯೊ ನಡೆಸುತ್ತಾಳೆ. ಆಸ್ಪತ್ರೆ, ಕಾಲೇಜು, ವಿಮಾನ ನಿಲ್ದಾಣದಂಥ ದೊಡ್ಡ ಕಟ್ಟಡಗಳನ್ನು ಕಟ್ಟುವ ಮೊದಲೇ ಒಳಗೆ ನಡೆದಾಡಿಸಿ ತೋರಿಸುವುದು ಕೆಲಸ. ಅಲ್ಲಿನ ಮುಖ್ಯ ಮಷೀನಿನಲ್ಲಿರುವುದು ಆರ್‌ಟಿಎಕ್ಸ್ 6000 ಅಡಾ, 2022ರ ಕೊನೆಗೆ ಬಂದ ಕಾರ್ಡು. ಕ್ವಾಡ್ರೊ ಎಂಬ ಹೆಸರನ್ನು ಕಂಪನಿ 2020ರಲ್ಲೇ ಕೈಬಿಟ್ಟಿತ್ತು. ಹತ್ತೂವರೆ ಇಂಚು ಉದ್ದ, ಎರಡು ಸ್ಲಾಟಿನ ದಪ್ಪ, ಕಪ್ಪು ಕವಚ, ಬಿಸಿಗಾಳಿಯನ್ನು ಡಬ್ಬಿಯ ಹಿಂಬದಿಯಿಂದ ಹೊರಗೆ ತಳ್ಳುವ ಒಂದು ಬ್ಲೋವರ್, ನಾಲ್ಕು ಡಿಸ್‌ಪ್ಲೇಪೋರ್ಟ್ ಕಿಂಡಿ. ಬಿಡುಗಡೆಯ ಬೆಲೆ 6,800 ಡಾಲರ್.

ಅಂಕಿಗಳನ್ನು ಎದುರುಬದುರು ಇಟ್ಟರೆ ಮೊದಲು ತಲೆ ತಿರುಗುತ್ತದೆ. ಹಳೆಯ ಚಿಪ್ಪಿನಲ್ಲಿ ಸುಮಾರು 2 ಕೋಟಿ ಟ್ರಾನ್ಸಿಸ್ಟರ್, ಹೊಸದರಲ್ಲಿ 7,630 ಕೋಟಿ. ಹಳೆಯದರಲ್ಲಿ ಪಿಕ್ಸೆಲ್ ಬಿಡಿಸುವ ಸಾಲುಗಳು ಎರಡು, ಹೊಸದರಲ್ಲಿ ಲೆಕ್ಕ ಮಾಡುವ ಕೋರುಗಳು 18,176. ಎಂಎಕ್ಸ್ ಕಾರ್ಡುಗಳು ನಾಲ್ಕೈದು ವಾಟಿನ ಆಸುಪಾಸಿನಲ್ಲಿ ಬದುಕುತ್ತಿದ್ದವು, ಅಡಾಗೆ 300 ವಾಟ್ ಬೇಕು. ಮೆಮೊರಿ 64 ಎಂಬಿಯಿಂದ 48 ಜಿಬಿ, ಅಂದರೆ 768 ಪಟ್ಟು. ಇಂದು ಸಾಮಾನ್ಯವಾಗಿ ಬಳಸುವ 4ಕೆ ಟೆಕ್ಸ್ಚರ್ ಒಂದನ್ನು ಕುಗ್ಗಿಸದೆ ಬಿಡಿಸಿಟ್ಟರೆ ಅದೊಂದಕ್ಕೇ 64 ಎಂಬಿ. ಒಂದು ಗ್ರಾನೈಟ್ ಚಪ್ಪಡಿಯ ಫೋಟೊ ಇಡೀ ಎಂಎಕ್ಸ್ 400 ಅನ್ನು ತುಂಬಿಬಿಡುತ್ತದೆ.

ಆದರೆ ಆಕೆ ತೋರಿಸುವ ಇನ್ನೊಂದು ಲೆಕ್ಕವಿದೆ, ಅದು ಇದಕ್ಕಿಂತ ಸ್ವಾರಸ್ಯ. ಎಂಎಕ್ಸ್ 400 ತನ್ನ ಮೆಮೊರಿಯಿಂದ ಸೆಕೆಂಡಿಗೆ ಸುಮಾರು 2.7 ಜಿಬಿ ಓದಬಲ್ಲದು. ಅಂದರೆ ತನ್ನ 64 ಎಂಬಿಯನ್ನು ಮೂಲೆಯಿಂದ ಮೂಲೆಗೆ ಒಂದು ಸೆಕೆಂಡಿನಲ್ಲಿ ಸುಮಾರು 40 ಸಲ ಓದಿ ಮುಗಿಸಬಲ್ಲದು. ಅಡಾದ ವೇಗ ಸೆಕೆಂಡಿಗೆ 960 ಜಿಬಿ. ತನ್ನ 48 ಜಿಬಿಯನ್ನು ಅದು ಸೆಕೆಂಡಿಗೆ ಸುಮಾರು 20 ಸಲವಷ್ಟೇ ಪೂರ್ತಿ ಓದಬಲ್ಲದು. ಗೋದಾಮು ಬೆಳೆದಷ್ಟು ಅದರ ಬಾಗಿಲು ಬೆಳೆಯಲಿಲ್ಲ. ಅದಕ್ಕೇ ಎಂಜಿನಿಯರುಗಳು ಪದೇ ಪದೇ ಬೇಕಾಗುವ ದತ್ತವನ್ನು ಚಿಪ್ಪಿನ ಒಳಗೇ ಇಟ್ಟುಕೊಳ್ಳಲು 96 ಎಂಬಿಯ ಎಲ್2 ಕ್ಯಾಶ್ ಕೊಟ್ಟಿದ್ದಾರೆ. ಹಳೆಯ ಕಾರ್ಡಿನ ಹಲಗೆಯ ಮೇಲೆ ಹರಡಿಕೊಂಡಿದ್ದ ಮೆಮೊರಿ ಚಿಪ್ಪುಗಳಷ್ಟೂ ಈ ಕ್ಯಾಶಿನೊಳಗೆ ಸೇರಿ ಮೂರನೇ ಒಂದು ಭಾಗ ಮಿಕ್ಕುತ್ತದೆ. ಎರಡೂ ಕಾಲದ ಕಾರ್ಡುಗಳಿಗೆ ನಿಜವಾದ ಕಷ್ಟ ಒಂದೇ ಎಂಬುದು ಆಕೆಯ ಅಭಿಪ್ರಾಯ: ಲೆಕ್ಕ ಮಾಡುವ ಕೈಗಳು ಸಾಲದೇ ಹೋಗುವುದಕ್ಕಿಂತ ಮೊದಲು ಅವುಗಳಿಗೆ ಸಾಮಾನು ಒದಗಿಸುವ ದಾರಿ ಸಾಲದೇ ಹೋಗುತ್ತದೆ. ಎಂಎಕ್ಸ್‌ನಲ್ಲೂ 32 ಬಿಟ್ ಬಣ್ಣದಿಂದ 16 ಬಿಟ್ಟಿಗೆ ಇಳಿಸಿದರೆ ತಕ್ಷಣ ಚುರುಕಾಗುತ್ತಿತ್ತು, ಸಾಗಿಸುವ ಹೊರೆ ಅರ್ಧವಾಗುತ್ತಿತ್ತಲ್ಲ. ಬದಲಿಗೆ ಸಂಜೆಯ ಆಕಾಶ ಪಟ್ಟಿ ಪಟ್ಟಿಯಾಗಿ ಒಡೆದು ಕಾಣುತ್ತಿತ್ತು.

ರೆಸಿಸ್ಟರುಗಳ ಕಾಲದ ಮಾತು ಈಗಲೂ ಪೂರ್ತಿ ಹಳಸಿಲ್ಲ. ಅಡಾದೊಳಗಿನ ಎಡಿ102 ಚಿಪ್ಪು ಆಟದ ಆರ್‌ಟಿಎಕ್ಸ್ 4090ರೊಳಗೂ ಇದೆ. 4090ರಲ್ಲಿ ಕೋರುಗಳು 16,384, ಸ್ವಲ್ಪ ಕಡಿಮೆ. ಮೆಮೊರಿಯ ವೇಗ ಸೆಕೆಂಡಿಗೆ 1,008 ಜಿಬಿ, ವೃತ್ತಿಪರ ಕಾರ್ಡಿಗಿಂತ ಹೆಚ್ಚೇ. ಕರೆಂಟು 450 ವಾಟ್, ಅದೂ ಹೆಚ್ಚು. ಬಿಡುಗಡೆಯ ಬೆಲೆ 1,599 ಡಾಲರ್, ಕಾಲು ಭಾಗಕ್ಕಿಂತ ಕಡಿಮೆ. ಹಾಗಾದರೆ ಮಿಕ್ಕ 5,000 ಡಾಲರ್ ಯಾವುದಕ್ಕೆ? ಮುಖ್ಯವಾಗಿ ಮೆಮೊರಿಗೆ. 4090ರಲ್ಲಿ 24 ಜಿಬಿ, ಅಡಾದಲ್ಲಿ ಅದರ ದುಪ್ಪಟ್ಟು.

ಹೊರಗಿನವರಿಗೆ ಇದು ಮೋಸದಂತೆ ಕಂಡೀತು. ಈ ಕೆಲಸದಲ್ಲಿರುವವರಿಗೆ ಹಾಗನ್ನಿಸುವುದಿಲ್ಲ. ಆಸ್ಪತ್ರೆಯೊಂದರ ಮಾದರಿಯೆಂದರೆ ನೂರಾರು ಹಾಸಿಗೆ, ಅವುಗಳ ಗಾಲಿ, ಆಮ್ಲಜನಕದ ಪೈಪು, ಮೇಲ್ಛಾವಣಿಯೊಳಗಿನ ಎಸಿ ಡಕ್ಟು, ಅಂಗಳದಲ್ಲಿ ಎಲೆ ಎಲೆಯೂ ಬಿಡಿಯಾಗಿರುವ ಮರಗಳು. ಇದು 24 ಜಿಬಿಯೊಳಗೆ ಹಿಡಿಸಿದರೆ 4090 ಬಾಣದಂತೆ ಓಡುತ್ತದೆ. 25 ಜಿಬಿ ಆಯಿತೋ, ರೆಂಡರ್ ನಿಲ್ಲುತ್ತದೆ, ಅಥವಾ ಕಂಪ್ಯೂಟರಿನ ಮೆಮೊರಿಗೂ ಕಾರ್ಡಿಗೂ ದತ್ತ ಓಡಾಡಿ ಆಮೆಯ ನಡಿಗೆಗೆ ಇಳಿಯುತ್ತದೆ. ವೇಗ ತುಸು ಕಡಿಮೆಯಾದರೆ ತುಸು ಕಾಯಬಹುದು. ಹಿಡಿಸದಿದ್ದರೆ ಕಾದೂ ಪ್ರಯೋಜನವಿಲ್ಲ.

ಇನ್ನೊಂದು ಬಾಬತ್ತು ಭರವಸೆ. ಮೆಮೊರಿಯಲ್ಲಿ ಕೋಟ್ಯಂತರ ಬಿಟ್ಟುಗಳ ನಡುವೆ ಯಾವುದೋ ಒಂದು, ಅಂತರಿಕ್ಷದಿಂದ ಬಂದ ಕಣ ತಾಗಿಯೋ ಬೇರೆ ಕಾರಣಕ್ಕೋ, ಸೊನ್ನೆ ಇದ್ದದ್ದು ಒಂದಾಗಬಹುದು. ಅದನ್ನು ಹಿಡಿದು ತಿದ್ದುವ ಇಸಿಸಿ ಎಂಬ ಏರ್ಪಾಡು 2010ರ ಫರ್ಮಿ ಪೀಳಿಗೆಯಿಂದ ಎನ್‌ವಿಡಿಯಾದ ದೊಡ್ಡ ವೃತ್ತಿಪರ ಕಾರ್ಡುಗಳಲ್ಲಿ ಇದೆ. ಅಡಾದಂಥ ಕಾರ್ಡಿನಲ್ಲಿ ಅದನ್ನು ಚಾಲೂ ಮಾಡಿದರೆ 48 ಜಿಬಿಯಲ್ಲಿ ಸುಮಾರು 3 ಜಿಬಿ ಕಾವಲಿಗೇ ಮೀಸಲು. ಟೊರಾಂಟೊದವರು ಕೃತಕ ಬುದ್ಧಿಮತ್ತೆಯನ್ನು ಎಬ್ಬಿಸಿದ ಒಂದೊಂದು ಕಾರ್ಡಿನಲ್ಲಿ ಇದ್ದುದೇ ಅಷ್ಟು. ಡ್ರೈವರಿನ ವಿಷಯವೂ ಹಾಗೆಯೇ. ಎಂಎಕ್ಸ್ ಕಾಲದಲ್ಲಿ ಡೆಟೊನೇಟರ್ ಎಂಬ ಹೆಸರಿನ ಡ್ರೈವರುಗಳು ಬರುತ್ತಿದ್ದವು. ಹೊಸದನ್ನು ಹಾಕಿದ ಮೇಲೆ ವಿಂಡೋಸ್ 98 ನೀಲಿ ಪರದೆ ತೋರಿಸಿ ಮಲಗಿದರೆ ಹಳೆಯ ಸಿ.ಡಿ. ಹುಡುಕಬೇಕು. ವೃತ್ತಿಪರ ಕಾರ್ಡಿನ ಡ್ರೈವರನ್ನು ಆಟೊಡೆಸ್ಕ್, ಡಸ್ಸೊ, ಸೀಮೆನ್ಸ್‌ನಂಥ ಸಾಫ್ಟ್‌ವೇರ್ ಕಂಪನಿಗಳ ಉತ್ಪನ್ನಗಳ ಮೇಲೆ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟಿರುತ್ತಾರೆ. ನಾಳೆ ಬೆಳಗ್ಗೆ ಗ್ರಾಹಕರ ಮುಂದೆ ಕೂರುವವರಿಗೆ ಈ ಕಾಗದದ ಬೆಲೆ ಗೊತ್ತು.

ಮತ್ತು ಆ ರಾತ್ರಿಗಳು. ಬಿಸಿಲು ಕೆಂಪು ನೆಲಕ್ಕೆ ತಾಗಿ ಗೋಡೆಗೆ ಬಣ್ಣ ಹಚ್ಚುವ ಲೆಕ್ಕವನ್ನು ಈಗ ಕಾರ್ಡೇ ಮಾಡುತ್ತದೆ. ಬೆಳಕಿನ ಕಿರಣದ ಹಾದಿ ಹಿಡಿಯಲೆಂದೇ ಪ್ರತ್ಯೇಕ ಸರ್ಕ್ಯೂಟುಗಳನ್ನು ಎನ್‌ವಿಡಿಯಾ ಮೊದಲು ಘೋಷಿಸಿದ್ದು 2018ರ ಆಗಸ್ಟಿನಲ್ಲಿ, ವ್ಯಾಂಕೂವರಿನ ಸಿಗ್‌ಗ್ರಾಫ್ ಸಮ್ಮೇಳನದಲ್ಲಿ. ಅದನ್ನು ಮೊದಲು ಪಡೆದದ್ದು ಕ್ವಾಡ್ರೊ ಸಾಲು. ಅಡಾದಲ್ಲಿ ಅಂಥವು 142. ಕಿಟಕಿಯನ್ನು ಮೌಸಿನಿಂದ ಒಂದಡಿ ಸರಿಸಿದರೆ ಮೊದಲು ಮರಳು ಚೆಲ್ಲಿದಂತೆ ಕಾಳು ಕಾಳಾದ ಚಿತ್ರ, ಕ್ಷಣಗಳಲ್ಲಿ ಅದು ತಿಳಿಯಾಗಿ, ಬೆಳಕು ಹೊಸ ಜಾಗದಲ್ಲಿ ಕೂರುತ್ತದೆ. ಕಾಳು ತೆಗೆದು ನಯ ಮಾಡುವ ಕೆಲಸಕ್ಕೆ ತರಬೇತಿ ಪಡೆದ ನರಜಾಲವಿದೆ. ಹಿಂದೆ ಬಿಲ್ಡರು 'ಆ ಕಿಟಕಿ ಸ್ವಲ್ಪ ಎಡಕ್ಕೆ' ಎಂದರೆ ಉತ್ತರ ಮರುದಿನ. ಈಗ ಆಸ್ಪತ್ರೆಯ ವೈದ್ಯರು ಆಕೆಯ ಪಕ್ಕದಲ್ಲೇ ಕುಳಿತು, ಮಲಗಿದ ರೋಗಿಯ ಕಣ್ಣಿಗೆ ಬೆಳಗಿನ ಬಿಸಿಲು ಚುಚ್ಚುತ್ತದೆಯೇ ಎಂದು ಕೇಳುತ್ತಾರೆ. ಹಾಸಿಗೆಯ ಎತ್ತರಕ್ಕೆ ಕ್ಯಾಮರಾ ಇಳಿಸಿ, ಸೂರ್ಯನನ್ನು ಏಳು ಗಂಟೆಗೆ ತಂದು, ಅಲ್ಲೇ ತೋರಿಸಬಹುದು. ಕಾದು ಕುಳಿತ ರಾತ್ರಿಗಳಿಗಾಗಿ ಆಕೆ ಹಂಬಲಿಸುವುದಿಲ್ಲ. ಆ ವೈದ್ಯರ ಪ್ರಶ್ನೆಗೆ 2002ರಲ್ಲಿ ಉತ್ತರ ಕೊಡಲು ಆಗುತ್ತಿರಲಿಲ್ಲವಲ್ಲ ಎಂಬುದೇ ಆಕೆಗೆ ದೊಡ್ಡದು.

ಆಕೆಗೆ ಬೇಸರವಿರುವುದು ಬೇರೆ ಕಡೆ. 2016ರಲ್ಲಿ ವೃತ್ತಿಪರ ಸಾಲಿನ ಕ್ವಾಡ್ರೊ ಪಿ6000 ಕಾರ್ಡಿನಲ್ಲಿ 24 ಜಿಬಿ ಇತ್ತು. 2025ರ ಆರ್‌ಟಿಎಕ್ಸ್ ಪ್ರೊ 6000ರಲ್ಲಿ 96 ಜಿಬಿ, ನಾಲ್ಕು ಪಟ್ಟು. ಅದೇ 2016ರಲ್ಲಿ ಮನೆಯ ಸಾಲಿನ ಜಿಟಿಎಕ್ಸ್ 1070ರಲ್ಲಿ 8 ಜಿಬಿ ಇತ್ತು. 2025ರ ಆರ್‌ಟಿಎಕ್ಸ್ 5060ರಲ್ಲೂ 8 ಜಿಬಿಯೇ. ಬೆಲೆ ಕೊಂಚ ಇಳಿದಿದೆ, ವೇಗ ಏರಿದೆ, ನಿಜ. ಆದರೆ ಹಾಸನದಿಂದಲೋ ಕೊಪ್ಪಳದಿಂದಲೋ ಬರುವ ಡಿಪ್ಲೊಮಾ ಹುಡುಗರ ಲ್ಯಾಪ್‌ಟಾಪಿನಲ್ಲಿ ಇರುವುದು ಈ ಕೊನೆಯ ಸಾಲಿನದೇ, ಎಷ್ಟೋ ಸಲ ಅದಕ್ಕಿಂತ ಕೆಳಗಿನದು. ಎಂಎಕ್ಸ್ 400 ಹಿಡಿದು ಕಲಿತವಳಿಗೆ ತನ್ನ ಕಾರ್ಡಿಗೂ ಆಗಿನ ಕ್ವಾಡ್ರೊಗೂ ಇದ್ದ ದೂರ ಗೊತ್ತಿತ್ತು, ಮತ್ತು ಅದು ನಡೆದು ಮುಟ್ಟಬಹುದಾದಷ್ಟೇ ಇತ್ತು. ಇವತ್ತಿನ ಹುಡುಗರಿಗೆ ಅದು ಪ್ರತಿ ಪೀಳಿಗೆಗೂ ಹಿಗ್ಗುತ್ತಿದೆ. ಕೆಲಸ ಕಲಿಯುವ ಕಾರ್ಡಿಗೂ ಕೆಲಸ ಮಾಡುವ ಕಾರ್ಡಿಗೂ ಇಷ್ಟು ಅಂತರ ಇರಬಾರದು ಎಂದು ಆಕೆ ಸಿಕ್ಕ ಮಾರಾಟ ಪ್ರತಿನಿಧಿಗಳಿಗೆಲ್ಲ ಹೇಳುತ್ತಾಳೆ.

ಹೇಳಿ ಸುಮ್ಮನಾಗುವುದಿಲ್ಲ. ಶನಿವಾರ ಸಂಜೆ ಸ್ಟುಡಿಯೊದ ಮಷೀನು ಬಿಡುವಾಗಿದ್ದರೆ ವಿದ್ಯಾರ್ಥಿಗಳು ಹಾರ್ಡ್‌ಡಿಸ್ಕ್ ಹಿಡಿದು ಬರುತ್ತಾರೆ. ತಮ್ಮ ಲ್ಯಾಪ್‌ಟಾಪಿನಲ್ಲಿ ತೆರೆಯದ ಸೀನನ್ನು ಅಡಾದಲ್ಲಿ ರೆಂಡರ್ ಮಾಡಿಕೊಳ್ಳುವ ಆಸೆ. ಆಕೆ ಮೊದಲು ಟೆಕ್ಸ್ಚರುಗಳ ಪಟ್ಟಿ ತೆರೆಸುತ್ತಾಳೆ. ಬೇಕೋ ಬೇಡವೋ, ಬಾಗಿಲಿನ ಹಿಡಿಕೆಗೊಂದು 8ಕೆ ಟೆಕ್ಸ್ಚರ್ ಸಿಕ್ಕೇ ಸಿಗುತ್ತದೆ. ಬಿಡಿಸಿಟ್ಟರೆ 256 ಎಂಬಿ. ಪರದೆಯ ಮೇಲೆ ಆ ಹಿಡಿಕೆ ಕಾಣುವುದು ಹುಣಸೆ ಬೀಜದಷ್ಟು. "ಡೌನ್‌ಲೋಡ್ ಮಾಡಿದಾಗ ಹಂಗೇ ಬಂತು ಮೇಡಂ" ಎನ್ನುತ್ತಾರೆ ಹುಡುಗರು. ಹಿಡಿಕೆಯನ್ನು 512ಕ್ಕೆ ಇಳಿಸು, ಕ್ಯಾಮರಾದ ಹಿಂದಿರುವ ಗೋಡೆಗೆ ನಾಲ್ಕು ಪದರದ ಮಟೀರಿಯಲ್ ಏಕೆ ಕೇಳು, ಒಂದೇ ಮರವನ್ನು ನಲವತ್ತು ಸಲ ಕಾಪಿ ಮಾಡುವ ಬದಲು ಇನ್‌ಸ್ಟನ್ಸ್ ಮಾಡು. ಒಂದೊಂದು ಬದಲಾವಣೆಗೂ ಮೆಮೊರಿಯ ಅಂಕಿ ಇಳಿಯುವುದನ್ನು ಅವರೇ ಓದಿ ಹೇಳಬೇಕು. ಗಂಟೆ ಕಳೆಯುವಷ್ಟರಲ್ಲಿ ಸೀನು 8 ಜಿಬಿಯೊಳಗೆ ಇಳಿದಿರುತ್ತದೆ, ಹುಡುಗರು ಅದನ್ನು ತಮ್ಮ ಲ್ಯಾಪ್‌ಟಾಪಿನಲ್ಲೇ ತೆರೆದು ನೋಡುತ್ತಾರೆ. ತೆರೆದರೆ ಸರಿ, ಆಮೇಲೆ ಅಡಾದ ಮುಂದೆ ಕೂರಿಸಿ ಬೆಳಕಿನ ಪಾಠ ಶುರು ಮಾಡುತ್ತಾಳೆ.